ದಾವಣಗೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ: ಎರಡು ನಿಮಿಷದ ನಿಲ್ದಾಣದಿಂದ ಹತ್ತು ಪ್ಲಾಟ್‌ಫಾರ್ಮಿನ ನಿಲ್ದಾಣಕ್ಕೆ

ದಾವಣಗೆರೆಯಲ್ಲಿ ಬಹುತೇಕ ಎಕ್ಸ್‌ಪ್ರೆಸ್ ರೈಲುಗಳು ನಿಲ್ಲುವುದು ಎರಡು ನಿಮಿಷ, ಹೆಚ್ಚೆಂದರೆ ಇನ್ನೊಂದೆರಡು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯಲು ಯಾರೂ ಅವಸರ ಮಾಡುವುದಿಲ್ಲ, ಆದರೆ ತಪ್ಪು ಬಾಗಿಲಿನಿಂದ ಹೊರಬಿದ್ದರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಇಲ್ಲಿ ಎಲ್ಲವನ್ನೂ ರೈಲು ಬರುವ ಮೊದಲೇ ಮುಗಿಸಿರಬೇಕು. ಅಲ್ಲಿ ಎಲ್ಲವನ್ನೂ ಇಳಿಯುವ ಮೊದಲೇ ತೀರ್ಮಾನಿಸಿರಬೇಕು. ಆಸ್ಪತ್ರೆಗೆ, ಕೋರ್ಟಿಗೆ, ಸಂದರ್ಶನಕ್ಕೆ, ಮಕ್ಕಳ ಕಾಲೇಜಿಗೆ ಎಂದು ಹೊರಡುವವರಿಗೆ ಉಪಯೋಗಕ್ಕೆ ಬರುವ ಕ್ರಮದಲ್ಲೇ ಇಲ್ಲಿ ವಿವರಗಳಿವೆ.

ಮೊದಲು ಸ್ಟೇಷನ್ ಕೋಡ್ ನೋಡಿ

ದಾವಣಗೆರೆಯ ಕೋಡ್ ಡಿವಿಜಿ. ಕನ್ನಡಿಗರಿಗೆ ಈ ಮೂರಕ್ಷರ ಮರೆಯುವಂಥದ್ದಲ್ಲ, ಹಾಗಾಗಿ ತೊಂದರೆಯಿಲ್ಲ. ತೊಂದರೆ ಇರುವುದು ಬೆಂಗಳೂರಿನ ಕಡೆ. ಟಿಕೆಟ್‌ನಲ್ಲಿ ಎಸ್‌ಬಿಸಿ ಎಂದಿದ್ದರೆ ಅದು ಮೆಜೆಸ್ಟಿಕ್, ಅಂದರೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಪಡೆದ ಕೆಎಸ್‌ಆರ್ ಬೆಂಗಳೂರು ನಿಲ್ದಾಣ. ವೈಪಿಆರ್ ಎಂದರೆ ಯಶವಂತಪುರ. ಎಸ್‌ಎಂವಿಬಿ ಎಂದರೆ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಇದು ಮೆಜೆಸ್ಟಿಕ್‌ನಿಂದ ಊರಿನ ಇನ್ನೊಂದು ಮಗ್ಗುಲಿಗಿದೆ. "ಬೆಂಗಳೂರು ಅಂತ ಇದೆಯಲ್ಲ" ಎಂದು ಟಿಕೆಟ್ ತೆಗೆದು, ವಾಪಸ್ ಬರುವ ದಿನ ಮೆಜೆಸ್ಟಿಕ್‌ಗೆ ಹೋಗಿ ನಿಂತವರಿಗೆ ಬೈಯಪ್ಪನಹಳ್ಳಿಯಿಂದ ಹೊರಡುವ ರೈಲು ಸಿಗುವುದಿಲ್ಲ. ಬುಕ್ ಮಾಡುವಾಗ ಊರಿನ ಹೆಸರನ್ನಲ್ಲ, ಕೋಡನ್ನೇ ಓದಿ.

ಚಿತ್ರದುರ್ಗದವರಿಗೆ ಒಂದು ಮಾತು. ದುರ್ಗದ ನಿಲ್ದಾಣ ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆ ಒಡೆಯುವ ಮಾರ್ಗದಲ್ಲಿದೆ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ರೈಲುಗಳು ಅಲ್ಲಿಗೆ ಬರುವುದಿಲ್ಲ. ಆ ರೈಲು ಬೇಕಿದ್ದರೆ ಹೊಳಲ್ಕೆರೆ ಮೇಲೆ ಚಿಕ್ಕಜಾಜೂರಿಗೆ ಬರಬೇಕು, ಇಲ್ಲವೇ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಬಂದು ದಾವಣಗೆರೆಯಲ್ಲಿ ಹತ್ತಬೇಕು. ಚಿಕ್ಕಜಾಜೂರು ಹತ್ತಿರ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ವಂದೇ ಭಾರತ್ ಹಿಡಿಯುವುದಾದರೆ ದಾವಣಗೆರೆಗೇ ಬನ್ನಿ.

ಯಾವ ರೈಲು

ಬೆಂಗಳೂರಿಗೆ ರೈಲು ದಾರಿ ಸುಮಾರು 326 ಕಿ.ಮೀ.; ರಸ್ತೆಗಿಂತ ಉದ್ದ, ಏಕೆಂದರೆ ಬೀರೂರು, ಕಡೂರು, ಅರಸೀಕೆರೆ ಸುತ್ತಿಕೊಂಡು ತುಮಕೂರಿಗೆ ಬರುತ್ತದೆ. ಹಗಲಿನಲ್ಲಿ ಹೋಗುವವರಿಗೆ ಎರಡು ವಂದೇ ಭಾರತ್‌ಗಳಿವೆ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡದ್ದು (20661/20662) ಬೆಳಿಗ್ಗೆ ಬೆಂಗಳೂರಿನಿಂದ ಬಂದು ಮಧ್ಯಾಹ್ನದ ಮೇಲೆ ವಾಪಸ್ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಬೆಳಗಾವಿಯದ್ದು ಇದಕ್ಕೆ ತಿರುವುಮುರುವು: ಬೆಳಿಗ್ಗೆ ಬೆಂಗಳೂರಿನ ಕಡೆ ಹೋಗಿ ಮಧ್ಯಾಹ್ನ ಅಲ್ಲಿಂದ ಹೊರಡುತ್ತದೆ. ಕಡಿಮೆ ದುಡ್ಡಿಗೆ ಸೀಟು ಬೇಕಿದ್ದರೆ ಹಗಲಿಗೆ ಜನಶತಾಬ್ದಿ (12079/12080) ಮತ್ತು ಸಿದ್ಧಗಂಗಾ ಇಂಟರ್‌ಸಿಟಿ (12725/12726) ಇವೆ. ರಾತ್ರಿ ಮಲಗಿ ಹೋಗುವವರ ಹಳೆಯ ಆಯ್ಕೆ ರಾಣಿ ಚೆನ್ನಮ್ಮ (16589/16590).

ಬೆಸ ಸಂಖ್ಯೆ ಬೆಂಗಳೂರಿನಿಂದ ಬರುವ ರೈಲಿನದು, ಸಮ ಸಂಖ್ಯೆ ಬೆಂಗಳೂರಿಗೆ ಹೋಗುವುದರದು. ಮೇಲೆ ಹೇಳಿದ ಜೋಡಿಗಳಿಗಷ್ಟೇ ಈ ಲೆಕ್ಕ ಹಿಡಿಯಿರಿ. ವೇಳೆ ಆಗಾಗ ಹತ್ತಿಪ್ಪತ್ತು ನಿಮಿಷ ಅತ್ತಿತ್ತ ಆಗುತ್ತಿರುತ್ತದೆ. ಹಳೆಯ ಟಿಕೆಟ್ ನೋಡಿ ಹೊರಡಬೇಡಿ.

ಟಿಕೆಟ್: ಜನ ಎಡವುವ ಜಾಗಗಳು

ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. 120 ದಿನದ ಹಳೆಯ ಲೆಕ್ಕ 2024ರ ನವೆಂಬರ್‌ಗೇ ಮುಗಿಯಿತು. ತತ್ಕಾಲ್, ಅಂದರೆ ಕೊನೆ ಗಳಿಗೆಯ ತುರ್ತು ಬುಕಿಂಗ್, ತೆರೆಯುವುದು ಹಿಂದಿನ ದಿನ: ಎಸಿಗೆ ಬೆಳಿಗ್ಗೆ 10, ಉಳಿದದ್ದಕ್ಕೆ 11. ಆನ್‌ಲೈನ್‌ನಲ್ಲಿ ತತ್ಕಾಲ್ ತೆಗೆಯಲು 2025ರ ಜುಲೈನಿಂದ ಆಧಾರ್ ದೃಢೀಕರಣ ಕಡ್ಡಾಯ. ಇದನ್ನು 10 ಗಂಟೆಗೆ ಐದು ನಿಮಿಷ ಇರುವಾಗ ಮಾಡಲು ಕುಳಿತರೆ ಆಗುವುದಿಲ್ಲ, ಹಿಂದಿನ ವಾರವೇ ಮುಗಿಸಿಡಿ.

ರಾತ್ರಿ ರೈಲಿನ ತಾರೀಖು ದೊಡ್ಡ ಬಲೆ. ರೈಲು ದಾವಣಗೆರೆಗೆ ರಾತ್ರಿ 12 ದಾಟಿದ ಮೇಲೆ ಬರುವುದಾದರೆ, ಭಾನುವಾರ ಊಟ ಮುಗಿಸಿ ಹೊರಡುವವರ ಟಿಕೆಟ್ ಸೋಮವಾರದ್ದಾಗಿರಬೇಕು. ಭಾನುವಾರದ ಟಿಕೆಟ್ ತೆಗೆದಿದ್ದರೆ ಆ ರೈಲು ಶನಿವಾರ ರಾತ್ರಿಯೇ ಹೋಗಿಬಿಟ್ಟಿರುತ್ತದೆ. ತತ್ಕಾಲ್‌ಗೆ ಇದರ ಮೇಲೆ ಇನ್ನೊಂದು ಸುತ್ತು: ಅದರ ದಿನವನ್ನು ರೈಲು ತಾನು ಹುಟ್ಟುವ ಊರಿನಿಂದ ಹೊರಡುವ ತಾರೀಖಿನಿಂದ ಎಣಿಸುತ್ತಾರೆ. ಭಾನುವಾರ ಹೊರಟು ನಮ್ಮಲ್ಲಿಗೆ ಸೋಮವಾರ ನಸುಕಿಗೆ ಬರುವ ರೈಲಿನ ತತ್ಕಾಲ್ ಶನಿವಾರವೇ ತೆರೆಯುತ್ತದೆ. ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತವರಿಗೆ ಸಿಗುವುದು ಅಳಿದುಳಿದದ್ದು.

ದಾವಣಗೆರೆ ನಡುವಿನ ನಿಲ್ದಾಣ. ಇಲ್ಲಿಂದ ನೋಡಿದಾಗ ವೇಟಿಂಗ್ ಲಿಸ್ಟ್ ಇರುವ ರೈಲಿನಲ್ಲಿ ಹುಬ್ಬಳ್ಳಿಯಿಂದ ನೋಡಿದರೆ ಬರ್ತ್ ಖಾಲಿ ಇರುವುದುಂಟು, ಏಕೆಂದರೆ ಕೋಟಾಗಳು ಬೇರೆ ಬೇರೆ. ಆಗ ಹುಬ್ಬಳ್ಳಿಯಿಂದ ಟಿಕೆಟ್ ತೆಗೆದು, ಬೋರ್ಡಿಂಗ್ ಪಾಯಿಂಟ್ (ಹತ್ತುವ ನಿಲ್ದಾಣ) ದಾವಣಗೆರೆ ಎಂದು ಬುಕ್ ಮಾಡುವಾಗಲೇ ಆರಿಸಿಕೊಳ್ಳಿ. ದುಡ್ಡು ಸ್ವಲ್ಪ ಹೆಚ್ಚು, ಬರ್ತ್ ಖಾತ್ರಿ. ಬೋರ್ಡಿಂಗ್ ಬದಲಿಸದೆ ಸುಮ್ಮನೆ ಇಲ್ಲಿ ಬಂದು ಹತ್ತಿದರೆ, ಹುಬ್ಬಳ್ಳಿಯಲ್ಲಿ ನೀವು ಬರಲಿಲ್ಲವೆಂದು ಟಿಟಿಇ (ಟಿಕೆಟ್ ತಪಾಸಕರು) ನಿಮ್ಮ ಬರ್ತನ್ನು ಬೇರೆಯವರಿಗೆ ಕೊಟ್ಟಿರಬಹುದು. ಆಮೇಲೆ ವಾದ ಮಾಡಿ ಪ್ರಯೋಜನವಿಲ್ಲ.

ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ (ಸೀಟು ಹಂಚಿಕೆಯ ಕೊನೆಯ ಪಟ್ಟಿ) ಆದ ಮೇಲೂ ಹಾಗೇ ಉಳಿದರೆ ತಾನಾಗಿ ರದ್ದಾಗುತ್ತದೆ, ಹಣ ವಾಪಸ್ ಬರುತ್ತದೆ. ಅದನ್ನು ತೋರಿಸಿ ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ. ಕೌಂಟರಿನ ವೇಟಿಂಗ್ ಟಿಕೆಟ್ ಹಿಡಿದು ಸ್ಲೀಪರ್‌ನಲ್ಲಿ ಕೂರುವ ಹಳೆಯ ರೂಢಿಗೂ 2025ರ ಮೇಯಿಂದ ಬಿಗಿ ಬಂದಿದೆ. ಆ ಟಿಕೆಟ್ ನಡೆಯುವುದು ಜನರಲ್ ಬೋಗಿಯಲ್ಲಷ್ಟೇ.

ಜನರಲ್ ಟಿಕೆಟ್‌ನಲ್ಲಿ ಹೋಗುವವರು ಎರಡು ವಿಷಯ ನೆನಪಿಡಿ. ಒಂದು, 200 ಕಿ.ಮೀ.ಗಿಂತ ಹೆಚ್ಚಿನ ದಾರಿಯಾದ್ದರಿಂದ ಬೆಂಗಳೂರಿನ ಜನರಲ್ ಟಿಕೆಟನ್ನು ಕೌಂಟರ್‌ನಲ್ಲಿ ಮೂರು ದಿನ ಮೊದಲೇ ತೆಗೆಯಬಹುದು. ಹಬ್ಬದ ಮರುದಿನದ ಸಾಲು ತಪ್ಪುತ್ತದೆ. ಎರಡು, 12, 20, 22ರಿಂದ ಶುರುವಾಗುವ ಸಂಖ್ಯೆಯವು ಸೂಪರ್‌ಫಾಸ್ಟ್. ಅದಕ್ಕೆ ಎರಡನೇ ದರ್ಜೆಗೆ 15 ರೂಪಾಯಿ ಹೆಚ್ಚುವರಿ ಇದೆ. ಬರೀ "ಎಕ್ಸ್‌ಪ್ರೆಸ್" ಟಿಕೆಟ್ ಹಿಡಿದು ಸಿದ್ಧಗಂಗಾ ಹತ್ತಿ, ಹದಿನೈದು ರೂಪಾಯಿ ಉಳಿಸಲು ಹೋಗಿ ದಂಡ ಕಟ್ಟುವವರು ಇದ್ದಾರೆ. ಟಿಕೆಟ್ ಇಲ್ಲದಿದ್ದರೆ ದಂಡ ಕನಿಷ್ಠ 250 ರೂಪಾಯಿ, ಅದರ ಮೇಲೆ ಟಿಕೆಟ್ ದರ. ಜನಶತಾಬ್ದಿ, ವಂದೇ ಭಾರತ್‌ಗಳಲ್ಲಿ ಜನರಲ್ ಬೋಗಿಯೇ ಇಲ್ಲ.

ಮೊಬೈಲ್‌ನಲ್ಲಿ ರೈಲ್‌ಒನ್ ಆ್ಯಪ್‌ನಿಂದ ಜನರಲ್ ಮತ್ತು ಪ್ಲಾಟ್‌ಫಾರ್ಮ್ ಟಿಕೆಟ್ ಎರಡೂ ಸಿಗುತ್ತವೆ. ಪ್ಲಾಟ್‌ಫಾರ್ಮ್ ಹತ್ತಿರ ಬಂದ ಮೇಲೆ ಆ್ಯಪ್ ಟಿಕೆಟ್ ಕೊಡುವುದಿಲ್ಲ, ಮನೆಯಲ್ಲೋ ಆಟೊದಲ್ಲೋ ತೆಗೆದುಬಿಡಿ. ತಪಾಸಣೆಗೆ ಆ್ಯಪ್ ಒಳಗಿನ ಟಿಕೆಟನ್ನೇ ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯದು, ಬ್ಯಾಟರಿ ಸತ್ತ ಫೋನೂ ನಡೆಯದು.

ಮನೆಯ ಹಿರಿಯರಿಗೆ ಕೆಳ ಬರ್ತ್ ಬೇಕಿದ್ದರೆ ಅವರ ಟಿಕೆಟನ್ನು ಬೇರೆಯಾಗಿಯೇ ತೆಗೆಯುವುದು ಜಾಣತನ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಇರುವ ಕೆಳ ಬರ್ತ್ ಕೋಟಾ ಒಬ್ಬರು ಅಥವಾ ಇಬ್ಬರು ಇರುವ ಟಿಕೆಟಿಗಷ್ಟೇ ಅನ್ವಯ. ಆರು ಜನರ ಟಿಕೆಟ್‌ನಲ್ಲಿ ಅಜ್ಜಿಯ ಹೆಸರು ಸೇರಿಸಿದರೆ ಅಜ್ಜಿಗೆ ಮೇಲಿನ ಬರ್ತ್ ಬಂದರೂ ಆಶ್ಚರ್ಯವಿಲ್ಲ. ಹಿರಿಯರ ದರ ರಿಯಾಯಿತಿ 2020ರಲ್ಲಿ ನಿಂತಿತು, ಅದನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ.

ದಾವಣಗೆರೆ ಪ್ಲಾಟ್‌ಫಾರ್ಮಿನಲ್ಲಿ

ನಿಲ್ದಾಣ ಪಿ.ಬಿ. ರಸ್ತೆಗೆ ಅಂಟಿಕೊಂಡಂತೆ ಊರ ನಡುವೆಯೇ ಇದೆ. ಹಾಗಾಗಿ ದೂರ ಕಡಿಮೆ, ಟ್ರಾಫಿಕ್ ಹೆಚ್ಚು. ಹಳಿಯ ಆ ಬದಿಯಿಂದ ಬರುವವರು ದಾಟುವ ಹೊತ್ತನ್ನೂ ಸೇರಿಸಿಕೊಂಡು, ರೈಲಿಗೆ 30 ನಿಮಿಷ ಮೊದಲು ಒಳಗಿರುವಂತೆ ಹೊರಡಿ.

ಒಳಗೆ ಬಂದ ಕೂಡಲೇ ತಿಳಿದುಕೊಳ್ಳಬೇಕಾದದ್ದು ಎರಡು: ಯಾವ ಪ್ಲಾಟ್‌ಫಾರ್ಮ್, ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ. ಮೊದಲನೆಯದನ್ನು ಬೋರ್ಡು, ಮೈಕು ಹೇಳುತ್ತವೆ. "ದಿನಾ ಇಲ್ಲೇ ಬರೋದು" ಎಂಬ ಚಹಾದವನ ಮಾತಿಗಿಂತ ಕೊನೆಯ ಘೋಷಣೆ ದೊಡ್ಡದು. ಬದಲಾದರೆ ಮೇಲ್ಸೇತುವೆ ಹತ್ತಿ ಹೋಗಿ. ಹಳಿ ದಾಟುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ. ಪ್ಲಾಟ್‌ಫಾರ್ಮಿನ ಎತ್ತರಕ್ಕೆ ಬ್ಯಾಗು ಹಿಡಿದು ಹತ್ತಲಾಗದೆ ಸಿಕ್ಕಿಕೊಳ್ಳುವ ಅಪಾಯ ಬೇರೆ.

ಎರಡನೆಯದರ ಲೆಕ್ಕ ಹೀಗಿದೆ. ಈಗಿನ ಹೊಸ ಮಾದರಿಯ (ಎಲ್‌ಎಚ್‌ಬಿ) ಬೋಗಿ ಒಂದಕ್ಕೆ ಸುಮಾರು 24 ಮೀಟರ್. ಇಪ್ಪತ್ತು ಬೋಗಿಯ ರೈಲು ಅರ್ಧ ಕಿಲೋಮೀಟರ್ ಹತ್ತಿರ. ಒಂದು ತುದಿಯಲ್ಲಿ ನಿಂತಿದ್ದು ಬೋಗಿ ಇನ್ನೊಂದು ತುದಿಗೆ ಬಂದರೆ, ಸಾಮಾನು ಹೊತ್ತು ಜನರ ನಡುವೆ ನುಸುಳಿ ಹೋಗಲು ಆರೇಳು ನಿಮಿಷ ಬೇಕು. ರೈಲು ನಿಲ್ಲುವುದು ಎರಡು ನಿಮಿಷ. ಆದ್ದರಿಂದ ರೈಲು ಎಲ್ಲಿದೆಯೆಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲೋ ನಿಲ್ದಾಣದ ಬೋರ್ಡಿನಲ್ಲೋ ಬೋಗಿಗಳ ಸಾಲು ನೋಡಿಕೊಂಡು ಮೊದಲೇ ಅಲ್ಲಿ ಹೋಗಿ ನಿಲ್ಲಿ. ಎಸ್ ಅಂದರೆ ಸ್ಲೀಪರ್, ಬಿ ಅಂದರೆ ತ್ರೀ ಟಯರ್ ಎಸಿ, ಎಂ ಅಂದರೆ ಎಕಾನಮಿ ತ್ರೀ ಟಯರ್, ಎ ಅಂದರೆ ಟೂ ಟಯರ್. ಹಗಲಿನ ರೈಲುಗಳಲ್ಲಿ ಡಿ ಸಾದಾ ಸೀಟು, ಸಿ ಎಸಿ ಚೇರ್. ಜನರಲ್ ಬೋಗಿಗಳು ಸಾಮಾನ್ಯವಾಗಿ ಎರಡೂ ತುದಿಗಳಲ್ಲಿರುತ್ತವೆ.

ಬೋಗಿ ತಪ್ಪಿತೇ? ಓಡಬೇಡಿ. ಎದುರಿಗೆ ಬಂದ ಕಾಯ್ದಿರಿಸಿದ ಬೋಗಿಗೆ ಹತ್ತಿ, ಒಳಗಿನಿಂದ ನಡೆದು ಹೋಗಿ. ಜನರಲ್ ಬೋಗಿಗೆ ಮಾತ್ರ ಹತ್ತಬೇಡಿ, ಅಲ್ಲಿಂದ ಒಳದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಮನೆಯವರು ಕೆಳಗೇ ಉಳಿದರೆಂದು ಸರಪಳಿ ಎಳೆಯುವುದಕ್ಕೂ ಕೇಸು ಇದೆ. ಹಿರಿಯರು, ಮಕ್ಕಳು ಮೊದಲು, ಸಾಮಾನು ಆಮೇಲೆ, ಗಟ್ಟಿಮುಟ್ಟಾದವರು ಕೊನೆಗೆ: ಈ ಕ್ರಮ ಪ್ಲಾಟ್‌ಫಾರ್ಮಿನಲ್ಲೇ ನಿಕ್ಕಿಯಾಗಿರಲಿ.

ವಂದೇ ಭಾರತ್‌ನ ಬಾಗಿಲು ತಾನೇ ಮುಚ್ಚುತ್ತದೆ, ಮುಚ್ಚಿದ ಮೇಲೆ ಯಾರ ಮಾತೂ ಕೇಳುವುದಿಲ್ಲ. ಅಪ್ಪ ಅಮ್ಮನ ಬ್ಯಾಗು ಇಟ್ಟು ಬರುತ್ತೇನೆಂದು ಒಳಗೆ ಹೋದ ಮಗ ತುಮಕೂರಿನವರೆಗೆ ದಂಡ ಕಟ್ಟಿ ಹೋಗಬೇಕಾದೀತು. ಬ್ಯಾಗನ್ನು ಬಾಗಿಲಲ್ಲೇ ಎತ್ತಿ ಕೊಡಿ. ಬೀಳ್ಕೊಡಲು ಬರುವವರಿಗೆ ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ಗಂಟೆ ನಡೆಯುತ್ತದೆ.

ತಿಂಡಿ ವಿಷಯದಲ್ಲಿ ಸಣ್ಣ ಸಲಹೆ: ಬೆಣ್ಣೆ ದೋಸೆ ಪಾರ್ಸೆಲ್ ಬೇಡ, ಬೀರೂರು ಬರುವಷ್ಟರಲ್ಲಿ ಅದು ಒದ್ದೆ ಬಟ್ಟೆಯಾಗಿರುತ್ತದೆ. ಖಾರ ಮಂಡಕ್ಕಿ ಮೆಜೆಸ್ಟಿಕ್‌ವರೆಗೂ ಗರಿಗರಿ. ಒಂದು ಲೀಟರ್ ರೈಲ್ ನೀರ್ ಬಾಟಲಿಗೆ 14 ರೂಪಾಯಿ, ಇಪ್ಪತ್ತು ಕೇಳಿದರೆ ಬೆಲೆ ತೋರಿಸಿ ಚಿಲ್ಲರೆ ಕೇಳಿ.

ಯಶವಂತಪುರದಲ್ಲೋ, ಮೆಜೆಸ್ಟಿಕ್‌ನಲ್ಲೋ?

ತುಮಕೂರು ದಾಟಿದ ಮೇಲೆ ಇದನ್ನು ತೀರ್ಮಾನಿಸಬೇಕು. "ಬೆಂಗಳೂರು ಅಂದರೆ ಮೆಜೆಸ್ಟಿಕ್" ಎಂಬ ಅಭ್ಯಾಸ ಬಹಳ ಜನರ ಸಮಯ ತಿನ್ನುತ್ತದೆ. ಯಶವಂತಪುರದಿಂದ ಮೆಜೆಸ್ಟಿಕ್ ಕೆಲವೇ ಕಿಲೋಮೀಟರ್, ಆದರೆ ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೆ ರೈಲು ಹೊರಗೆ ಕಾಯುವುದು ಮಾಮೂಲು.

ಪೀಣ್ಯ, ದಾಸರಹಳ್ಳಿ, ಮಲ್ಲೇಶ್ವರ, ರಾಜಾಜಿನಗರ, ಮತ್ತಿಕೆರೆ ಕಡೆಯವರು ಯಶವಂತಪುರದಲ್ಲೇ ಇಳಿಯಿರಿ. ತುಮಕೂರು ರಸ್ತೆ ಕಡೆಯ ದ್ವಾರದಿಂದ ಹೊರಬಂದರೆ ಹಸಿರು ಮಾರ್ಗದ ಮೆಟ್ರೊ ಹತ್ತಿರ. ಜಯನಗರ, ಬನಶಂಕರಿಗೂ ಇದೇ ಹಸಿರು ಮಾರ್ಗ ನೇರ ಹೋಗುತ್ತದೆ. ವಿಕ್ಟೋರಿಯಾ ಆಸ್ಪತ್ರೆಗೆ ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣ. ಜಯದೇವ ಆಸ್ಪತ್ರೆಗೆ ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಿಸಿಕೊಳ್ಳಿ, ಆಸ್ಪತ್ರೆಯ ಹೆಸರಿನದೇ ನಿಲ್ದಾಣವಿದೆ. ಎಲೆಕ್ಟ್ರಾನಿಕ್ ಸಿಟಿಗೂ ಅದೇ ದಾರಿ. ಆದರೆ ಒಂದು ಎಚ್ಚರಿಕೆ: ಯಶವಂತಪುರದಲ್ಲಿ ರೈಲು ನಿಲ್ಲುವುದು ಮತ್ತೆ ಎರಡೇ ನಿಮಿಷದ ಲೆಕ್ಕ, ಸಾಮಾನು ಮೊದಲೇ ಬಾಗಿಲ ಬಳಿ ತಂದಿರಬೇಕು. ಗಾಲಿಕುರ್ಚಿಯ ರೋಗಿ, ನಾಲ್ಕೈದು ಮೂಟೆ, ಚಿಕ್ಕ ಮಕ್ಕಳು ಇದ್ದರೆ ಸಮಯ ಹೋದರೂ ಮೆಜೆಸ್ಟಿಕ್ಕೇ ನೆಮ್ಮದಿ.

ಮೆಜೆಸ್ಟಿಕ್ ನಿಲ್ದಾಣಕ್ಕೆ ಎರಡು ಮುಖ

ಹತ್ತು ಪ್ಲಾಟ್‌ಫಾರ್ಮಿನ ಈ ನಿಲ್ದಾಣಕ್ಕೆ ಒಂದನೇ ಪ್ಲಾಟ್‌ಫಾರ್ಮ್ ಕಡೆ ಮುಖ್ಯ ದ್ವಾರ, ಹತ್ತನೆಯದರ ಕಡೆ ಹಿಂಬದಿಯ ದ್ವಾರ. ಮುಖ್ಯ ದ್ವಾರದ ಎದುರಿಗೆ ಕೆಂಪೇಗೌಡ ಬಸ್ ನಿಲ್ದಾಣ, ಮೆಜೆಸ್ಟಿಕ್ ಮೆಟ್ರೊ, ಪ್ರೀಪೇಯ್ಡ್ ಆಟೊ. ಹಿಂಬದಿಯಲ್ಲಿ ಓಕಳಿಪುರಂ, ಮಾಗಡಿ ರಸ್ತೆ. ಅಲ್ಲಿಂದ ಮೇಲ್ಸೇತುವೆ ಹಿಡಿದರೆ ನೇರಳೆ ಮಾರ್ಗದ ರೈಲು ನಿಲ್ದಾಣ ಮೆಟ್ರೊ. ಎರಡೂ ಮೆಟ್ರೊ ನಿಲ್ದಾಣಗಳು ಬೇರೆ ಬೇರೆ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಹಸಿರು, ನೇರಳೆ ಎರಡೂ ಸಿಗುತ್ತವೆ. ಹಿಂಬದಿಯದರಲ್ಲಿ ನೇರಳೆ ಮಾತ್ರ.

ಹೀಗೆ ನಿರ್ಧರಿಸಿ: ವಿಜಯನಗರ, ಕೆಂಗೇರಿ, ವಿಧಾನಸೌಧ, ಇಂದಿರಾನಗರ, ವೈಟ್‌ಫೀಲ್ಡ್ ಕಡೆಯವರು ಎಂಟು, ಒಂಬತ್ತು, ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದಿದ್ದರೆ ಹಿಂದಕ್ಕೇ ಹೋಗಿ. ಮುಂದೆ ಬಂದರೆ ಉದ್ದದ ಸುರಂಗದಾರಿ ನಡೆದು, ಜನಸಾಗರ ದಾಟಿ, ಅದೇ ಮೆಟ್ರೊ ಹತ್ತುತ್ತೀರಿ. ಬಿಎಂಟಿಸಿ ಬಸ್ಸು, ವಿಮಾನ ನಿಲ್ದಾಣದ ವಾಯುವಜ್ರ ಬೇಕಾದವರು ಮುಖ್ಯ ದ್ವಾರಕ್ಕೇ ಬರಬೇಕು.

ಮೆಟ್ರೊ ಸಾಮಾನ್ಯ ದಿನ ಬೆಳಿಗ್ಗೆ 5ಕ್ಕೆಲ್ಲ ಇರುತ್ತದೆ, ಭಾನುವಾರ ಮಾತ್ರ 7ರಿಂದ. ಶನಿವಾರ ರಾತ್ರಿ ರೈಲು ಹತ್ತಿ ಭಾನುವಾರ ನಸುಕಿಗೆ ಇಳಿಯುವವರು ಬಸ್ಸನ್ನೋ ಆಟೊವನ್ನೋ ಲೆಕ್ಕದಲ್ಲಿಟ್ಟುಕೊಳ್ಳಿ. ಆಟೊಗೆ ಹೊರಗೆ ಕೂಗಿ ಕರೆಯುವವರ ಹಿಂದೆ ಹೋಗದೆ ಪ್ರೀಪೇಯ್ಡ್ ಕೌಂಟರ್ ಅಥವಾ ಆ್ಯಪ್ ಬಳಸಿ. "ಮೀಟರ್ ಮೇಲೆ ಎಷ್ಟಾದರೂ ಕೊಡಿ" ಎಂಬ ಮಾತಿನ ಕೊನೆ ಚೆನ್ನಾಗಿರುವುದಿಲ್ಲ.

ದಿನವಿಡೀ ಕೆಲಸವಿದ್ದು ರಾತ್ರಿ ವಾಪಸ್ ಹೊರಡುವವರು ಬ್ಯಾಗನ್ನು ಕ್ಲೋಕ್ ರೂಮಿನಲ್ಲಿ ಬಿಡಬಹುದು. ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಲೇಬೇಕು. ಬೀಗವಿಲ್ಲದ ಬಟ್ಟೆ ಚೀಲ, ಅಕ್ಕಿ ಚೀಲ ತೆಗೆದುಕೊಳ್ಳುವುದಿಲ್ಲ. ಮನೆಯಿಂದಲೇ ಚಿಕ್ಕ ಬೀಗ ಒಯ್ಯಿರಿ.

ವಾಪಸ್ ಬರುವಾಗ

ಮೆಜೆಸ್ಟಿಕ್‌ನಲ್ಲಿ ಬ್ಯಾಗ್ ತಪಾಸಣೆಯ ಸಾಲು, ಪ್ಲಾಟ್‌ಫಾರ್ಮಿನ ನಡಿಗೆ ಎರಡೂ ಸೇರಿ 45 ನಿಮಿಷ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ ಒಂದು ಗಂಟೆ. ಎಸ್‌ಬಿಸಿಯಿಂದ ಟಿಕೆಟ್ ಇದ್ದು ಯಶವಂತಪುರದಲ್ಲಿ ಹತ್ತುವುದಾದರೆ ಮತ್ತದೇ ಮಾತು: ಚಾರ್ಟ್ ಆಗುವ ಮೊದಲೇ ಬೋರ್ಡಿಂಗ್ ಬದಲಿಸಿ. ಚಾರ್ಟ್ ಈಗ ರೈಲು ಹೊರಡುವ ಹಲವು ಗಂಟೆ ಮೊದಲೇ ಆಗುತ್ತದೆ, ಕೊನೆ ಗಳಿಗೆಗೆ ಬಿಡಬೇಡಿ.

ರಾತ್ರಿ ರೈಲಿನಲ್ಲಿ ನಿಜವಾದ ಕಷ್ಟ ಎಚ್ಚರವಾಗುವುದು. ರೈಲಿನ ಕೊನೆಯ ನಿಲ್ದಾಣ ದಾವಣಗೆರೆಯಲ್ಲ, ಯಾರೂ ಎಬ್ಬಿಸುವುದಿಲ್ಲ. ವೇಳಾಪಟ್ಟಿಯ ಸಮಯಕ್ಕೆ 40 ನಿಮಿಷ ಮೊದಲು ಅಲಾರಂ ಇಡಿ. ರೈಲು ತಡವಾಗಿದ್ದರೆ ಆ್ಯಪ್ ನೋಡಿ ಮತ್ತೊಂದು ಇಟ್ಟುಕೊಳ್ಳಿ. ಕಿಟಕಿಯ ಗುರುತುಗಳು: ಬೀರೂರು, ಹೊಸದುರ್ಗ ರೋಡ್, ಆಮೇಲೆ ಚಿಕ್ಕಜಾಜೂರು. ಚಿಕ್ಕಜಾಜೂರಿನಲ್ಲಿ ಚಪ್ಪಲಿ ಹುಡುಕಲು ಶುರು ಮಾಡಿ, ಅಲ್ಲಿಂದ ಸುಮಾರು ಅರ್ಧ ಗಂಟೆ. ಮಾಯಕೊಂಡ ಕಳೆದು ತೋಳಹುಣಸೆ ದಾಟುವಾಗ ಸಾಮಾನಿನೊಂದಿಗೆ ಬಾಗಿಲಲ್ಲಿರಬೇಕು. ಆ ಹೊತ್ತಿಗೆ ದಾರಿಯಲ್ಲಿ ಮಲಗಿದವರನ್ನು ದಾಟಿ ಬರಲು ಎರಡು ನಿಮಿಷ ಸಾಲುವುದಿಲ್ಲ.

ಒಬ್ಬರೇ ಇಳಿಯುವ ಹೆಂಗಸರು, ಹಿರಿಯರು ನಸುಕಿನಲ್ಲಿ ತಕ್ಷಣ ಹೊರಬೀಳದೆ ಬೆಳಕಾಗುವವರೆಗೆ ಕಾಯುವ ಕೋಣೆಯಲ್ಲಿರಬಹುದು, ಅಥವಾ ಮನೆಯವರಿಗೆ ಚಿಕ್ಕಜಾಜೂರಿನಲ್ಲೇ ಫೋನ್ ಮಾಡಬಹುದು. ರೈಲಿನಲ್ಲಿ ಏನೇ ತೊಂದರೆಯಾದರೂ 139. ಪಿಎನ್‌ಆರ್, ಬೋಗಿ, ಸೀಟಿನ ಸಂಖ್ಯೆ ಕೈಯಲ್ಲಿಟ್ಟುಕೊಂಡು ಕರೆ ಮಾಡಿದರೆ ಮುಂದಿನ ನಿಲ್ದಾಣದಲ್ಲಿ ಬಂದು ವಿಚಾರಿಸುತ್ತಾರೆ.

ಕಣ್ಣು ತೆರೆಯುವಷ್ಟರಲ್ಲಿ ದಾವಣಗೆರೆ ದಾಟಿದ್ದರೆ ಸರಪಳಿಗೆ ಕೈ ಹಾಕಬೇಡಿ. ಬಹುತೇಕ ರೈಲುಗಳು 14 ಕಿ.ಮೀ. ಆಚೆ ಹರಿಹರದಲ್ಲಿ ನಿಲ್ಲುತ್ತವೆ. ಟಿಟಿಇ ಕಂಡರೆ ಇದ್ದದ್ದನ್ನು ಹೇಳಿ ಆ ಹೆಚ್ಚಿನ ದೂರಕ್ಕೆ ಹಣ ಕಟ್ಟಿ, ಹರಿಹರದಲ್ಲಿ ಇಳಿಯಿರಿ. ಅಲ್ಲಿಂದ ದಾವಣಗೆರೆಗೆ ಬೆಳಿಗ್ಗೆಯಿಂದಲೇ ಒಂದರ ಹಿಂದೊಂದು ಬಸ್ಸಿವೆ.